ಮಾವನ ಹಲ್ಲು ಮತ್ತು ಒಂದೂವರೆ ಇಂಚು

ಮಾವನ ಹಲ್ಲಿನ ಸೆಟ್ಟು ಚರಂಡಿಗೆ ಹಾರಿದ ದಿನದಿಂದ ಗೇಟಿಗೆ ನೆಮ್ಮದಿ ಇರಲಿಲ್ಲ.

ಗೇಟು ಎಂದರೆ ಮನುಷ್ಯನೇ. ಇಪ್ಪತ್ತು ವರ್ಷದಿಂದ ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಂಬಿ ಅಂತ ಬೆಸುಗೆ ಹಾಕಿ ಹಾಕಿ ಆ ಹೆಸರೇ ಅಂಟಿಕೊಂಡಿತ್ತು. ಹೆಂಡತಿಯೊಬ್ಬಳನ್ನು ಬಿಟ್ಟು ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಅವಳೂ ಕರೆಯುತ್ತಿದ್ದಳು. ಅವನ ಬಳಿ ಒಂದು ಹಳೆಯ ಜೀಪಿತ್ತು. ರಜೆ ಬಂದರೆ ಅದನ್ನು ರಸ್ತೆಯೇ ಇಲ್ಲದ ಕಡೆ ಓಡಿಸುವುದು ಅವನ ಚಟ. ಅದೇ ಚಟದ ಹತ್ತಿಪ್ಪತ್ತು ಜನ ಊರಾಚೆಯ ಹಳೇ ಕಲ್ಲುಗಣಿಯ ಗುಡ್ಡದಲ್ಲಿ ಸೇರುತ್ತಿದ್ದರು. ಸಾವಿರಾರು ವರ್ಷ ಕಷ್ಟಪಟ್ಟು ಮನುಷ್ಯ ರಸ್ತೆ ಮಾಡಿದ್ದು ಇವರಿಗೆ ಲೆಕ್ಕಕ್ಕೇ ಇಲ್ಲ.

ಮಾವ ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿ, ಮಗಳ ಮನೆಯ ಮಹಡಿಯ ಕೋಣೆಯಲ್ಲಿದ್ದವರು. ತಮ್ಮ ಬಸ್ಸಿನಲ್ಲಿ ತುಂಬಿದ ಲೋಟದ ನೀರು ತುಳುಕುತ್ತಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು; ಬಸ್ಸಿನಲ್ಲಿ ತುಂಬಿದ ಲೋಟ ಹಿಡಿದು ಯಾರು ಕೂತಿದ್ದರೋ ದೇವರೇ ಬಲ್ಲ. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತರೆ ಅವರ ಬಾಯಿ ಮುಚ್ಚುತ್ತಿರಲಿಲ್ಲ. ಅಂದೂ ಅಷ್ಟೇ. ನೀರಿನ ಟ್ಯಾಂಕಿನ ಮುಂದಿನ ಗುಂಡಿ ಬಂತು. "ಗೇರ್ ಇಳಿಸು" ಎನ್ನಲು ಮಾವ ಬಾಯಿ ತೆರೆದರು. ಜೀಪು ಧೊಪ್ಪೆಂದು ಗುಂಡಿಗಿಳಿಯಿತು. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಒಟ್ಟಿಗೇ ಹೊರಟು, ಕಿಟಕಿ ದಾಟಿ ಚರಂಡಿ ಸೇರಿದವು. ಹೊಸ ಸೆಟ್ಟು ಬರುವವರೆಗೆ ಎರಡು ವಾರ ಮಾವ ಬಾಳೆಹಣ್ಣು ತಿಂದೇ ಬದುಕಿದರು. ಬೈಗುಳ ಮಾತ್ರ ನಿಲ್ಲಿಸಲಿಲ್ಲ.

"ರಸ್ತೆ ಸರಿ ಇರ್ಲಿಲ್ಲ ಮಾವ," ಎಂದ ಗೇಟು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಗೇಟು ಮಾಡೋನು ಗೇಟು ಮಾಡ್ಕೊಂಡಿರ್ಬೇಕು. ಅದಾದ್ರೂ ಸರಿಯಾಗಿ ಮಾಡಿದ್ಯಾ? ಮನೆ ಗೇಟು ತೆಗೆದ್ರೆ ಕಿರ್ರೋ ಅನ್ನುತ್ತೆ. ಇನ್ಮೇಲೆ ನಿನ್ನ ಗಾಡಿ ನಾನು ಹತ್ತಲ್ಲ."

ಈ ಮಾತು ಗೇಟಿಗೆ ನಾಟಿತು. ಮದುವೆಯಾಗಿ ಹದಿನೆಂಟು ವರ್ಷ, ಅವನ ಒಂದು ಕೆಲಸವನ್ನೂ ಮಾವ ಚೆನ್ನಾಗಿದೆ ಎಂದವರಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಅವನು ನಗುತ್ತಿದ್ದ, ಆದರೆ ಒಳಗೊಳಗೇ ನೋಯುತ್ತಿದ್ದ. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವನು. ಮನೆಯ ಹಿರಿಯರೊಬ್ಬರು ಒಮ್ಮೆ ಬೆನ್ನು ತಟ್ಟಲಿ ಎಂಬ ಆಸೆ ನಲವತ್ತೈದಾದರೂ ಹೋಗಿರಲಿಲ್ಲ. ಇಂಥದ್ದನ್ನು ಬಾಯಿಬಿಟ್ಟು ಕೇಳಲು ಗಂಡಸರಿಗೆ ಬರುವುದಿಲ್ಲ. ಅದಕ್ಕೇ ಹೋಗಿ ಕಬ್ಬಿಣ ಕುಯ್ಯುತ್ತಾರೆ.

ಹೆಂಡತಿ ಮಹಡಿ ಹತ್ತಿ, ಇನ್ನೊಮ್ಮೆ ಜೀಪು ಹತ್ತಲು ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿದಳು. ಬರುವ ಭಾನುವಾರ, ಗಣಿಯ ಗುಡ್ಡಕ್ಕೆ.

"ಒಂದೇ ಸಲ," ಎಂದರು ಮಾವ. "ಹಲ್ಲು ಅಲ್ಲಾಡಿದ್ರೂ ಸಾಕು, ಅಲ್ಲೇ ಇಳಿದು ನಡ್ಕೊಂಡು ಬರ್ತೀನಿ. ಆಮೇಲೆ ಜೀಪಿನ ಸುದ್ದಿ ನನ್ನ ಮುಂದೆ ಯಾರೂ ಎತ್ಬಾರ್ದು."

ಕುಲುಕಾಟ ಕಡಿಮೆಯಾಗಲೆಂದು ಗೇಟು ಮುಂದಿನ ಗಾಲಿಗಳ ಮೇಲಿನ ಹಳೆಯ ಉಕ್ಕಿನ ಪಟ್ಟಿಗಳನ್ನು ಕಿತ್ತೆಸೆದು ಸುರುಳಿ ಸ್ಪ್ರಿಂಗು ಹಾಕುವುದೆಂದು ನಿಶ್ಚಯಿಸಿದ. ಸ್ಪ್ರಿಂಗು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಸ್ಪ್ರಿಂಗಿನ ಕೆಳಗೆ ಎರಡು ಗಾಲಿಗಳನ್ನು ಸೇರಿಸುವ ಆಕ್ಸಲ್ಲು ಹಿಂದೆ ಮುಂದೆ ಓಡಾಡದಂತೆ ಅದನ್ನು ಜೀಪಿನ ಚೌಕಟ್ಟಿಗೆ ಕಟ್ಟಿಹಿಡಿಯಲು ಎರಡು ತೋಳು ಬೇಕು, ಎಡಕ್ಕೊಂದು ಬಲಕ್ಕೊಂದು. ಅವನ ಜೀಪಿನ ಅಳತೆಗೆ ಆ ತೋಳು ಯಾವ ಅಂಗಡಿಯಲ್ಲೂ ಇರಲಿಲ್ಲ. ದಪ್ಪ ಪೈಪು ತಂದು ಕೈಯಾರೆ ಮಾಡಬೇಕು, ಅದೂ ಟೈರಿಗೆ ತಾಗದಂತೆ ಎರಡು ಕಡೆ ಬಗ್ಗಿಸಿ.

ಗೇಟು ಮಾಡಲು ಕಣ್ಣಳತೆ ಸಾಕು, ತೋಳಿಗೆ ಸಾಲದು. ಕಾಗದದ ಮೇಲೆ ನಕ್ಷೆ ಬರೆಯುವುದು ಅವನಿಗೆ ಬಾರದು. ಆದರೆ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಯಾವ ಡೊಂಕು ಮೈ ಬಂದರೂ ಕಾಗದದಲ್ಲಿ ಕತ್ತರಿಸಿ ಕೂರಿಸುವವಳು. ಕೊರಳಿಗೆ ಟೇಪು ಹಾಕಿಕೊಂಡು, ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಜೀಪಿನ ಅಡಿಗೆ ನುಸುಳಿದಳು.

"ಉದ್ದ ಮೂವತ್ತೆರಡು," ಎಂದಳು ಒಳಗಿಂದ. "ಇಲ್ಲಿ ಮೊಣಕೈ ಬರುತ್ತೆ. ಇಲ್ಲಿ ಸ್ವಲ್ಪ ಒಳಗೆ ತಗೋಬೇಕು. ರೀ, ಇದಕ್ಕೆ ಹೊಟ್ಟೆ ತುಂಬಾ ಇದೆ."

"ಅದು ಎಂಜಿನ್ನು ಕಣೇ."

ಹಳೆಯ ಪತ್ರಿಕೆಯ ಹಾಳೆ ಅಂಟಿಸಿ, ಗೆರೆ ಎಳೆದು, ಕತ್ತರಿಸಿ ಅವನ ಕೈಗಿಟ್ಟಳು. ತಲೆಗೂದಲಿಗೆಲ್ಲ ಗ್ರೀಸು ಮೆತ್ತಿತ್ತು. ಶಾಲೆಯ ಸಮವಸ್ತ್ರದ ರಾಶಿ ಮೇಜಿನ ಮೇಲೆ ಕಾಯುತ್ತಿತ್ತು. ಗೇಟು ಆ ಕಾಗದವಿಟ್ಟು ಪೈಪು ಕುಯ್ದ, ಕಾಯಿಸಿದ, ಬಗ್ಗಿಸಿದ, ಎರಡು ತುದಿಗೂ ಬಳೆ ಬೆಸೆದ. ಎಡಗಡೆಯ ತೋಳು ಮುದ್ದಾಗಿ ಬಂತು. ಎಷ್ಟು ಮುದ್ದಾಗಿ ಎಂದರೆ ಅದನ್ನೇ ನೋಡುತ್ತ ಕೊನೆಯ ಬೆಸುಗೆ ಹಾಕುವಾಗ ಕಿಡಿ ಹಾರಿ, ಪಕ್ಕದಲ್ಲಿದ್ದ ಕಾಗದದ ತೋಳು ಭಗ್ಗೆಂದು ಉರಿದುಹೋಯಿತು.

ಒಳಗೆ ಹೋಗಿ ಇನ್ನೊಂದು ಬರೆದುಕೊಡು ಎಂದರೆ ಮುಗಿಯುತ್ತಿತ್ತು. ಆದರೆ ಗ್ರೀಸು ತೊಳೆಯಲು ಅವಳು ಮೂರನೇ ಸಲ ಸೋಪು ಹಚ್ಚುತ್ತಿದ್ದುದನ್ನು ಅವನು ನೋಡಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬೂದಿ ಗುಡಿಸಿ, ಮೂವತ್ತೆರಡು ಇಂಚನ್ನು ತಾನೇ ಟೇಪಿನಲ್ಲಿ ಹಿಡಿದು, ಬಾಗನ್ನು ಎಡತೋಳು ನೋಡಿ ಬಗ್ಗಿಸಿ, ಬಲತೋಳು ಮುಗಿಸಿಬಿಟ್ಟ.

ಶನಿವಾರ ಮಧ್ಯಾಹ್ನ ಜೀಪು ಹೊರಗೆ ತೆಗೆದ. ಸ್ಟೇರಿಂಗು ನೇರ ಹಿಡಿದರೆ ಜೀಪು ಬಲಕ್ಕೆ ಹೊರಟಿತು. ಎಡಕ್ಕೆ ಎಳೆದ, ಅದು ಮತ್ತೆ ಬಲಕ್ಕೇ ಬಂತು. ಬಲಬದಿಯಲ್ಲಿ ಕ್ಷೌರದಂಗಡಿ. ಜೀಪಿನ ಮೂತಿ ಅದರ ಮೆಟ್ಟಿಲಿಗೆ ಬಂದು ನಿಂತಾಗ ಕ್ಷೌರಿಕ ಕತ್ತರಿ ಹಿಡಿದೇ ಹೊರಗೆ ಬಂದ.

"ಕಟಿಂಗಾ, ಶೇವಿಂಗಾ?"

ಗೇಟು ಟೇಪು ಕೈಗೆತ್ತಿಕೊಂಡ. ಇಳಿದು ಅಳೆದು ನೋಡಿದ. ಎಡಗಾಲಿ ಬಲಗಾಲಿಗಿಂತ ಒಂದೂವರೆ ಇಂಚು ಮುಂದಿತ್ತು. ಹೆಂಡತಿಯನ್ನು ಕೂಗಿದ. ಅವಳು ಎರಡೂ ತೋಳಿಗೆ ಟೇಪು ಹಿಡಿದಳು.

"ಎಡಗಡೇದು ಸರಿ ಇದೆ. ಬಲಗಡೇದು ಯಾರು ಕತ್ತರಿಸಿದ್ದು?"

"ಮೂವತ್ತೆರಡು ಅಂತ ನೀನೇ ಹೇಳಿದ್ದು!"

"ಅಳತೆ ಮೂವತ್ತೆರಡು. ಕಟಿಂಗು ಮೂವತ್ತಮೂರೂವರೆ. ಅರ್ಧ ಇಂಚು ಹೊಲಿಗೆಗೆ, ಒಂದಿಂಚು ಒಳಮಡಿಕೆಗೆ. ಕಾಗದದಲ್ಲಿ ಎಲ್ಲಾ ಸೇರಿಸೇ ಕೊಟ್ಟಿದ್ನಲ್ಲ."

"ಕಬ್ಬಿಣಕ್ಕೆ ಒಳಮಡಿಕೆ ಯಾಕೆ?"

"ಮುಂದೆ ದಪ್ಪ ಆದ್ರೆ ಬಿಡಿಸ್ಕೊಳ್ಳೋಕೆ," ಎಂದಳು ಅವಳು. ಹೇಳಿದ ಮೇಲೆ ಜೀಪನ್ನೊಮ್ಮೆ ನೋಡಿದಳು. ಇಪ್ಪತ್ತು ವರ್ಷದ ಕೈಚಳಕ, ತಾನಾಗಿ ನಡೆದುಬಿಟ್ಟಿತ್ತು. ಆದರೆ ಸೋಲೊಪ್ಪುವ ಜಾತಿಯಲ್ಲ ಅವಳದು. "ಕಾಗದ ಇದ್ದಿದ್ರೆ ಎರಡೂ ಒಂದೇ ಥರ ಬರ್ತಿತ್ತು. ಕಾಗದ ಎಲ್ಲಿ?"

ಗೇಟು ಇಂಗು ತಿಂದ ಮಂಗನ ಹಾಗೆ ನಿಂತ. ಬೂದಿಯ ಕತೆ ಹೇಳಲೇಬೇಕಾಯಿತು. "ಹೇಳಿದ್ರೆ ನಿಮ್ಮ ಬಾಯಿಂದ ಮುತ್ತು ಉದುರ್ತಿತ್ತಾ?" ಎಂದು ಅವಳು ಶುರುಮಾಡುವಷ್ಟರಲ್ಲಿ ಮಹಡಿಯ ಕಿಟಕಿ ತೆರೆಯಿತು.

"ಏನಾಯ್ತು ಅಲ್ಲಿ?" ಎಂದರು ಮಾವ.

"ಏನಿಲ್ಲ!" ಎಂದರು ಇಬ್ಬರೂ ಒಟ್ಟಿಗೆ. ಮದುವೆಯ ದಿನ ಬಿಟ್ಟರೆ ಅವರಿಬ್ಬರು ಅಷ್ಟು ಒಮ್ಮತದಿಂದ ಏನನ್ನೂ ಹೇಳಿರಲಿಲ್ಲ.

ಎಡತೋಳನ್ನು ಕುಗ್ಗಿಸುವ ಹಾಗಿರಲಿಲ್ಲ. ತುದಿಯ ಬಳೆಯ ಪಕ್ಕದಲ್ಲೇ ಬಾಗು, ಒಂದೂವರೆ ಇಂಚು ಕುಯ್ದರೆ ಬಾಗೇ ಹೋಗುತ್ತದೆ. ಬಲತೋಳಿಗೆ ತುಂಡು ಜೋಡಿಸಬಹುದಿತ್ತು, ಆದರೆ ಮಾವನನ್ನು ಕೂರಿಸಿಕೊಂಡು ತೇಪೆಯ ಮೇಲೆ ಗುಡ್ಡ ಹತ್ತಲು ಅವನಿಗೆ ಧೈರ್ಯವಿರಲಿಲ್ಲ. ಹೊಸದೇ ಆಗಬೇಕು. ಪೈಪು ಮುಗಿದಿತ್ತು, ಪೈಪಿನ ಅಂಗಡಿ ಸೋಮವಾರದವರೆಗೆ ಬಾಗಿಲು ಹಾಕಿತ್ತು. ಗೇಟು ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತ. ನಾಳೆ ಮಾವ ಇಳಿದು ಬಂದು, ಜೀಪು ನೋಡಿ, ಏನೂ ಅನ್ನದೆ ಮೇಲೆ ಹೋಗಿಬಿಡುತ್ತಾರೆ. ಬೈದರೂ ತಡೆದುಕೊಳ್ಳಬಹುದು, ಏನೂ ಅನ್ನದಿದ್ದರೆ ಹೇಗೆ ತಡೆಯುವುದು? ಅವನಿಗೆ ನಿಜವಾಗಿಯೂ ಅಳು ಬಂತು.

ಹೆಂಡತಿ ಅವನನ್ನು ನೋಡುತ್ತಿರಲಿಲ್ಲ. ಅವನ ತಲೆಯ ಮೇಲಿಂದ ಮನೆಯ ಗೇಟನ್ನು ನೋಡುತ್ತಿದ್ದಳು.

"ಬೇಡ," ಎಂದ ಗೇಟು.

"ಅದೇ ಪೈಪಲ್ವೇನ್ರೀ?"

ಅದೇ ಪೈಪು. ಮದುವೆಗೆ ಮುಂಚೆ, ಹೆಣ್ಣಿನ ಕಡೆಯವರು ನೋಡಲು ಬರುತ್ತಾರೆಂದು, ಊರಲ್ಲಿ ಸಿಗುವ ಎಲ್ಲಕ್ಕಿಂತ ದಪ್ಪದ ಪೈಪು ತಂದು ಮಾಡಿದ ಮೊದಲ ಗೇಟು. ಹಸಿರು ಬಣ್ಣ. ಆನೆ ಒರಗಿದರೂ ಅಲ್ಲಾಡುವುದಿಲ್ಲ ಎನ್ನುತ್ತಿದ್ದ. ಯಾವ ಆನೆಯೂ ಒರಗಲು ಬಂದಿರಲಿಲ್ಲ.

"ನಾನು ಅವತ್ತು ಗೇಟು ನೋಡಿ ಮದುವೆ ಆಗಿಲ್ಲ," ಎಂದಳು ಹೆಂಡತಿ. "ಕತ್ತರಿಸಿ."

ಸಂಜೆಯ ಹೊತ್ತಿಗೆ ಹೊಸ ಬಲತೋಳು ತಯಾರಾಯಿತು. ಅವಳು ಎಡತೋಳನ್ನು ಪಕ್ಕಕ್ಕೆ ಹಿಡಿದು ಕೂತಿದ್ದಳು, ಒಂದು ದಾರದೆಳೆಯಷ್ಟು ವ್ಯತ್ಯಾಸಕ್ಕೂ ಬಿಡಲಿಲ್ಲ. ಎರಡೂ ಗಾಲಿ ಒಂದೂವರೆ ಇಂಚು ಮುಂದೆ ಬಂದಿದ್ದರಿಂದ ತಿರುಗಿಸುವಾಗ ಟೈರು ಮಡ್‌ಗಾರ್ಡಿಗೆ ಉಜ್ಜಿತು.

"ಕಂಕುಳು ಬಿಗಿ ಆಗಿದೆ," ಎಂದು ಅವಳು ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬಾಗು ಗೆರೆ ಎಳೆದಳು. ಅವನು ಗೆರೆಯ ಮೇಲೆ ಕುಯ್ದ. ಟೈರು ಸಲೀಸಾಗಿ ತಿರುಗಿತು. ಅಷ್ಟರಲ್ಲಿ ಬೀದಿನಾಯಿಯೊಂದು ಬಾಗಿಲಿಲ್ಲದ ಅಂಗಳಕ್ಕೆ ಬಂದು, ತನ್ನದೇ ಮನೆಯೆಂಬಂತೆ ಮಲಗಿಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಇಳಿದು ಬಂದರು. ನಾಯಿಯನ್ನು ನೋಡಿದರು, ಗೇಟಿಲ್ಲದ ಗೇಟಿನ ಜಾಗ ನೋಡಿದರು. ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಬಾಯಿಂದ ಎರಡೂ ಸಾಲು ಹಲ್ಲು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

ಗೇಟಿನ ಮುಖ ಸಣ್ಣಗಾಯಿತು. ಪರೀಕ್ಷೆಗೆ ಮುಂಚೆಯೇ ಫಲಿತಾಂಶ ಬಂದ ಹಾಗಿತ್ತು. ಹೆಂಡತಿ ಹಿಂದಿನ ಸೀಟಿನಿಂದ ಅವನ ಭುಜ ಚಿವುಟಿದಳು. "ಓಡಿಸ್ರೀ, ಸುಮ್ನೆ."

ಓಡಿಸಿದ. ಗಣಿಯ ಗುಡ್ಡದಲ್ಲಿ ತಲೆಗಾತ್ರದ ಕಲ್ಲು, ಮಂಡಿಯಾಳದ ಕೊರಕಲು. ಗಾಲಿಗಳು ಒಂದೊಂದಾಗಿ ಹತ್ತಿದವು, ಇಳಿದವು. ಮೇಲೆ ಕೂತವರು ಮಾತ್ರ ತೊಟ್ಟಿಲಲ್ಲಿದ್ದ ಹಾಗೆ ತೂಗಿದರು. ಹಲ್ಲಿಲ್ಲದ್ದರಿಂದಲೋ ಏನೋ, ಮಾವ ಬಾಯಿ ಬಿಡಲಿಲ್ಲ. ಗೇರ್ ಇಳಿಸು ಎಂದು ಕೂಡ ಅನ್ನಲಿಲ್ಲ. ಗೇಟಿಗೆ ಆ ಮೌನವೇ ಕಲ್ಲಿಗಿಂತ ಹೆಚ್ಚು ಬೆವರಿಳಿಸಿತು. ತುದಿ ಮುಟ್ಟಿದಾಗ ಗೆಳೆಯರು ಕೂಗಿ ಚಪ್ಪಾಳೆ ತಟ್ಟಿದರು. ಅವನಿಗೆ ಅದು ಕೇಳಲೇ ಇಲ್ಲ, ಮಾವನನ್ನು ನೋಡುತ್ತಿದ್ದ.

ಮಾವ ಇಳಿದು, ಸೊಂಟ ಹಿಡಿದು ಬಗ್ಗಿ, ಜೀಪಿನ ಅಡಿಗೆ ಇಣುಕಿದರು. ಎಡತೋಳನ್ನು ಬೆರಳಿಂದ ತಟ್ಟಿದರು. ಬಲತೋಳನ್ನು ತಟ್ಟಿ ಅಲ್ಲೇ ಕೈ ನಿಲ್ಲಿಸಿದರು. ಬೆಂಕಿ ತಾಗದ ಕಡೆ ಒಂದು ಗೇಣು ಹಸಿರು ಬಣ್ಣ ಹಾಗೇ ಉಳಿದಿತ್ತು. ತುಂಬ ಹೊತ್ತು ಅದನ್ನೇ ನೋಡಿ, ಎದ್ದು ಬಂದು ಸೀಟಿನಲ್ಲಿ ಕೂತರು. ಜೇಬಿನ ಗುಂಡಿ ಬಿಚ್ಚಿ, ಕರವಸ್ತ್ರ ತೆಗೆದು, ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಬಾಯಲ್ಲಿಟ್ಟು ಕಟಕಟ ಎಂದು ಕಚ್ಚಿ ಕೂರಿಸಿಕೊಂಡರು.

"ಗಟ್ಟಿ ಗೇಟು ಕಣಯ್ಯ ಅದು," ಎಂದರು. "ಕಿರ್ರ್ ಅಂತಿತ್ತು, ಆದ್ರೆ ಗಟ್ಟಿ ಇತ್ತು."

ಗೇಟು ಬಂದು ಸ್ಟೇರಿಂಗು ಹಿಡಿದ. ಜೀಪು ಶುರುಮಾಡಿದ.

"ಮನೆಗೆ ಟ್ಯಾಂಕಿನ ರಸ್ತೇಲಿ ಹೋಗು," ಎಂದರು ಮಾವ.

"ಅಪ್ಪಾ, ಗುಂಡಿ!" ಎಂದಳು ಮಗಳು.

"ಗೊತ್ತು."

ನೀರಿನ ಟ್ಯಾಂಕು ಬಂತು. ಗುಂಡಿ ಅಲ್ಲೇ ಇತ್ತು, ಪಕ್ಕದಲ್ಲೇ ಚರಂಡಿಯೂ ಇತ್ತು. ಗೇಟು ಉಸಿರು ಹಿಡಿದ. ಮಾವ ಕಿಟಕಿಯ ಕಡೆ ತಿರುಗಿ, ವೈದ್ಯರಿಗೆ ತೋರಿಸುವವರ ಹಾಗೆ ಬಾಯನ್ನು ಅಗಲವಾಗಿ ತೆರೆದು ಕೂತರು. ಜೀಪು ಗುಂಡಿಗಿಳಿಯಿತು, ಏರಿತು, ಮುಂದೆ ಬಂತು. ಮಾವ ಬಾಯಿ ಮುಚ್ಚಿ, ನಾಲಿಗೆಯಿಂದ ಹಲ್ಲುಗಳನ್ನೊಮ್ಮೆ ಎಣಿಸಿಕೊಂಡರು.

"ರಿವರ್ಸ್ ಹಾಕಪ್ಪ," ಎಂದರು. "ಇನ್ನೊಂದು ಸಲ ಹೋಗೋಣ."