ಉಲ್ಟಾ ಗಾಳಿ

ಎಷ್ಟೋ ತಲೆಮಾರಿನ ಹಿಂದಿನ ಮಾತು ಎಂದು ಶುರು ಮಾಡಬಹುದಿತ್ತು, ಆದರೆ ಇದು ಹೋದ ಬೇಸಿಗೆಯದು. ಒಂದು ಬೀದಿ, ಬೀದಿಯ ಕೊನೆಗೊಂದು ಮನೆ, ಮನೆಯ ಮುಂದೊಂದು ಮುದಿ ರಾಕ್ಷಸ. ಮೈ ಬೂದು ಬಣ್ಣ, ಹೊಟ್ಟೆ ತುಂಬ ಬೆಂಕಿ. ಓಡುವಷ್ಟು ಹೊತ್ತು ತೆಪ್ಪಗಿರುತ್ತಿತ್ತು, ನಿಂತರೆ ಸಾಕು ಕುದಿಯುತ್ತಿತ್ತು. ಅದನ್ನು ಸಾಕಿಕೊಂಡವನು ಊರಿಗೆಲ್ಲ ಗಾಳಿ ಹಂಚುವ ಮನುಷ್ಯ. ಅಜ್ಜಿ ಹೇಳಿದ್ದರೆ ಹೀಗೇ ಹೇಳುತ್ತಿದ್ದಳು. ಆ ರಾಕ್ಷಸ ನಮ್ಮ ಹಳೇ ಕಾರು, ಆ ಮನುಷ್ಯ ನಮ್ಮಪ್ಪ. ನನಗೆ ಅವತ್ತು ಇಬ್ಬರ ಮೇಲೂ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು.

ಅಪ್ಪನಿಗೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಫ್ಯಾನ್ ರಿಪೇರಿ ಅಂಗಡಿ. ಸೀಲಿಂಗ್ ಫ್ಯಾನೋ ಟೇಬಲ್ ಫ್ಯಾನೋ, ಯಾವುದನ್ನೇ ತಂದುಕೊಡಿ, ಬರೀ ಸದ್ದು ಕೇಳಿ ಹೋಗಿರುವುದು ಬೇರಿಂಗೋ ಕಾಯಿಲೋ ಹೇಳಿಬಿಡುತ್ತಾನೆ. ಬೀದಿಯವರು ಅವನಿಗಿಟ್ಟ ಹೆಸರು ಫ್ಯಾನ್ ಡಾಕ್ಟರು. ಕಾರು ಕುದಿಯತೊಡಗಿದ ಮೇಲೆ ಅದೇ ಬೀದಿಯವರು, ಡಾಕ್ಟರ ಮನೆಯಲ್ಲೇ ಜ್ವರವಂತೆ ಎಂದು ನಗಾಡಿದರು. ಅದು ಅಪ್ಪನಿಗೆ ನಾಟಿಬಿಟ್ಟಿತು. ಮೆಕ್ಯಾನಿಕ್ಕನ ಮಾತೆತ್ತಿದರೆ ಮೂಗಿನ ತುದಿ ಕೆಂಪಾಗುತ್ತಿತ್ತು. ಕಾರಿನ ಫ್ಯಾನು ಸುಟ್ಟುಹೋದಾಗ ಗುಜರಿಯಿಂದ ಇನ್ನೊಂದು ಮೋಟಾರು ತಂದು ಕೂರಿಸಿದ್ದು ಅವನೇ. ಅದರ ಪ್ಲಗ್ಗು ನಮ್ಮ ಕಾರಿಗೆ ಕೂರಲಿಲ್ಲವೆಂದು ಕತ್ತರಿಸಿ ಎಸೆದು, ವೈರಿಗೆ ವೈರು ಹೊಸೆದು ಟೇಪು ಸುತ್ತಿದ್ದ. ಫ್ಯಾನೇನೋ ಚೆನ್ನಾಗಿಯೇ ತಿರುಗಿತು. ಆಗ ಚಳಿಗಾಲ. ಬಿಸಿಲು ಏರುತ್ತಲೇ ಕಾರು ಕುದಿಯಿತು. ಅಪ್ಪ ರೇಡಿಯೇಟರಿಗೆ ಬೈದ, ಪೆಟ್ರೋಲಿಗೆ ಬೈದ, ಸೂರ್ಯನಿಗೂ ಬೈದ. ಫ್ಯಾನಿನ ತಂಟೆಗೆ ಮಾತ್ರ ಹೋಗಲಿಲ್ಲ. ತಾನು ಕಟ್ಟಿದ ಫ್ಯಾನು ಕಣ್ಣೆದುರೇ ತಿರುಗುತ್ತಿರುವಾಗ ಅದರಲ್ಲೇನು ನೋಡುವುದು?

ಬದಲಿಗೆ ಒಂದು ಉಪಾಯ ಹುಡುಕಿದ. ಕಾರು ನಿಂತಾಗ ಒಳಗಿನ ಹೀಟರನ್ನು ಪೂರ್ತಿ ತಿರುಗಿಸಿದರೆ ಎಂಜಿನ್ನಿನ ಬಿಸಿ ಒಂದಿಷ್ಟು ನಮ್ಮ ಕಡೆ ಬರುತ್ತದೆ, ಎಂಜಿನ್ನು ಉಳಿದುಕೊಳ್ಳುತ್ತದೆ. ಹೀಗಾಗಿ ಸುಡುಬೇಸಿಗೆಯಲ್ಲಿ, ಸಿಗ್ನಲ್ ಸಿಗ್ನಲ್ಲಿನಲ್ಲೂ, ನಾವು ಗಾಜಿಳಿಸಿಕೊಂಡು ಕಾಲಿಗೆ ಬೆಂಕಿಗಾಳಿ ಬಿಟ್ಟುಕೊಂಡು ಬೇಯುತ್ತಿದ್ದೆವು. ಅಮ್ಮ ಸೆಲ್ಲಿನ ಪುಟ್ಟ ಕೈಫ್ಯಾನನ್ನು ಮುಖಕ್ಕೆ ಹಿಡಿದು ಕೂರುತ್ತಿದ್ದಳು.

ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದಿತ್ತಾದ್ದರಿಂದಲೇ ಇಷ್ಟೆಲ್ಲ. ಅಮ್ಮ ಟೈಲರ್. ಬಲಗೈ ಮಣಿಕಟ್ಟು ಮುರಿದು, ಕಟ್ಟು ಬಿಚ್ಚಿದ ಮೇಲೆ ಬೆರಳುಗಳು ಮಡಚುತ್ತಿರಲಿಲ್ಲ. ಊರಿನ ಆಚೆ ತುದಿಯ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವಾಕೆ ಖಡಾಖಂಡಿತವಾಗಿ ಹೇಳಿದ್ದಳು: ತಪ್ಪಿಸಿದರೆ ಗಂಟುಗಳು ಹೀಗೇ ಬಿಗಿದುಕೊಳ್ಳುತ್ತವೆ, ಆಮೇಲೆ ಯಾರ ಕೈಲೂ ಆಗಲ್ಲ. ಆದರೆ ಹೋದ ಸಲ ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತು, ಹೀಟರಿನ ಝಳಕ್ಕೆ ಅಮ್ಮ ಕಾರಲ್ಲೇ ವಾಂತಿ ಮಾಡಿಕೊಂಡು ಕಣ್ಣು ಮೇಲೆ ಮಾಡಿದಳು. ಅಲ್ಲಿಂದ ಆ ಕಾರು ಹತ್ತಲಿಲ್ಲ. ಬಸ್ಸಿಗೆ ಹೋದರೆ ಕಂಬಿ ಹಿಡಿಯಲೂ ಆ ಕೈಯೇ ಬೇಕು. ನಾನೊಂದು ಬಾಡಿಗೆ ಕಾರು ಕರೆಸಿದೆ. ಮನೆಮುಂದೆ ಕಾರಿಟ್ಟುಕೊಂಡು ಬಾಡಿಗೆಯದೇ ಎಂದು ಅಪ್ಪ ಅದನ್ನು ಗೇಟಿನಿಂದಲೇ ವಾಪಸು ಕಳಿಸಿದ, ಈ ಭಾನುವಾರ ಸರಿ ಮಾಡೇ ಮಾಡ್ತೀನಿ ಅಂದ. ಭಾನುವಾರಗಳು ಬಂದವು, ಹೋದವು. ಅಜ್ಜಿಯ ಕಥೆಯ ರಾಜರು ಮುನಿಸಿಕೊಂಡರೆ ಕಾಡಿಗೆ ಹೋಗುತ್ತಿದ್ದರು. ನಮ್ಮಪ್ಪ ಅಂಗಡಿಗೆ ಹೋಗುತ್ತಿದ್ದ.

ಅವತ್ತು ಬೆಳಗ್ಗೆ ಅಮ್ಮ ಕತ್ತರಿ ಹಿಡಿಯಲು ನೋಡಿದಳು. ಅದು ಜಾರಿ ನೆಲಕ್ಕೆ ಬಿತ್ತು. ಎಡಗೈಯಲ್ಲಿ ಎತ್ತಿ, ಒರೆಸಿ, ಯಾರಾದರೂ ಹೊಲಿಯುವವರಿಗೆ ಕೊಟ್ಟುಬಿಡು ಎಂದು ನನ್ನ ಮುಂದಿಟ್ಟಳು. ನನ್ನ ಪಿತ್ತ ನೆತ್ತಿಗೇರಿತು. ಸಂಜೆಯೊಳಗೆ ಇದೇ ಕಾರಲ್ಲಿ, ಹೀಟರ್ ಹಾಕದೆ, ನಿನ್ನನ್ನು ಆಸ್ಪತ್ರೆ ಮುಟ್ಟಿಸದಿದ್ದರೆ ಆ ಕಾರಿಗೆ ಬೆಂಕಿ ಇಡ್ತೀನಿ ಎಂದೆ.

“ನೀನ್ಯಾಕೆ ಕಷ್ಟಪಡ್ತೀಯ, ಅದೇ ಇಟ್ಕೊಳ್ಳುತ್ತೆ,” ಅಂದಳು ಅಮ್ಮ.

ನಗು ಬರಲಿಲ್ಲ ನನಗೆ. ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಿಧಾನ ಏರಿತು, ಫ್ಯಾನು ಗುರ್ರೆಂದು ಹೊರಟಿತು. ಸದ್ದಿನಲ್ಲಿ ಒಂದು ಕೊಂಕಿಲ್ಲ. ರೇಡಿಯೇಟರಿನ ಮುಂದಿನ ಜಾಲರಿಗೆ ಧೂಳು ಕಟ್ಟಿರಬೇಕೆಂದು ಬ್ರಷ್ ಹಿಡಿದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬಿಸಿಗಾಳಿ ರಪ್ಪನೆ ಮುಖಕ್ಕೆ ಹೊಡೆಯಿತು, ಹಣೆಯ ಕೂದಲು ಹಿಂದಕ್ಕೆ ಹಾರಿತು. ಆ ರಾಕ್ಷಸ ನನ್ನ ಮುಖಕ್ಕೆ ಉಸಿರು ಬಿಡುತ್ತಿತ್ತು. ಕಾರಿನ ಮೂತಿ ಇರುವುದು ಗಾಳಿ ಎಳೆದುಕೊಳ್ಳಲು, ಊದಲಿಕ್ಕಲ್ಲ. ಅಮ್ಮ ರವಿಕೆಯ ಅಳತೆಗೆ ಕತ್ತರಿಸಿಟ್ಟಿದ್ದ ಕಾಗದ ತಂದು ಜಾಲರಿಗೆ ಹಿಡಿದೆ. ಅಂಟಿಕೊಳ್ಳಬೇಕಾದ ಕಾಗದ ಪಟಪಟ ಹೊಡೆದುಕೊಂಡು ಗೇಟಿನ ತನಕ ಹಾರಿತು. ಫ್ಯಾನು ಇಷ್ಟು ದಿನವೂ ಉಲ್ಟಾ ತಿರುಗುತ್ತಿತ್ತು. ಎಂಜಿನ್ನಿನ ಬಿಸಿಯನ್ನೇ ತಂದು ರೇಡಿಯೇಟರಿಗೆ ಬಡಿಯುತ್ತಿತ್ತು. ಆ ಗಾಳಿಗಾಗಿ ಅಮ್ಮ ಬೆಂದಿದ್ದಳು.

ಊಟಕ್ಕೆ ಬಂದ ಅಪ್ಪ, ಎತ್ತಿದ ಬಾನೆಟ್ ನೋಡಿ, ಯಾರನ್ನು ಕೇಳಿ ಕೈ ಹಾಕಿದೆ ಎಂದು ಶುರು ಮಾಡಿದ. ನಾನು ಕಾಗದ ಹಿಡಿದು ತೋರಿಸಿದೆ. ಅದು ಬೀದಿಯಿಂದ ಬೀಸೋ ಗಾಳಿ ಅಂದ. ಮೋಟಾರಿನ ಎರಡು ವೈರು ಅದಲುಬದಲಾಗಿವೆ ಎಂದೆ. ಅಪ್ಪ ನಕ್ಕ. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

“ನಿನಗೆ ನಡೆಯೋಕೆ ಬರೋ ಮುಂಚೆಯಿಂದ ಫ್ಯಾನ್ ಕಟ್ತಿದೀನಿ ಕಣೇ. ಪ್ಲಗ್ಗು ತಿರುಗಿಸಿ ಚುಚ್ಚಿದ್ರೆ ಫ್ಯಾನು ಉಲ್ಟಾ ತಿರುಗುತ್ತಾ? ಒಳಗಿನ ಕಾಯಿಲ್ ಕನೆಕ್ಷನ್ ಬದಲಾಗ್ಬೇಕು.”

“ಅದು ಮನೆ ಕರೆಂಟಿಗಪ್ಪ. ಇದು ಬ್ಯಾಟರಿ.”

ಫ್ಯಾನು ಅಂದರೆ ಫ್ಯಾನು ಎಂದು ಅವನು ಒಳಗೆ ಹೊರಟ. ನಾನು ಅಮ್ಮನ ಕೈಫ್ಯಾನು ತಂದು, ಅವನ ದಾರಿಗೆ ಅಡ್ಡ ನಿಂತು, ಸೆಲ್ಲುಗಳನ್ನು ತಲೆಕೆಳಗು ಮಾಡಿ ಹಾಕಿ, ಅವನ ಮುಖಕ್ಕೆ ಹಿಡಿದು ಒತ್ತಿದೆ. ಗಾಳಿ ಅವನ ಕಡೆ ಹೋಗಲಿಲ್ಲ, ನನ್ನ ಕಡೆ ಬಂತು. ಅಪ್ಪ ಅದನ್ನು ಕಿತ್ತುಕೊಂಡು, ಸೆಲ್ಲು ತೆಗೆದು, ಮತ್ತೆ ಹಾಕಿ ನೋಡಿದ. ಮತ್ತೊಮ್ಮೆ ತಿರುಗಿಸಿ ನೋಡಿದ. ಕಿವಿಯ ತನಕ ಕೆಂಪಾದ. ಆದರೂ, ಆಟದ ಸಾಮಾನಿಗೂ ಕಾರಿಗೂ ಏನು ಸಂಬಂಧ ಎಂದು ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತುಬಿಟ್ಟ.

ನಾನು ಹಲ್ಲು ಕಚ್ಚಿಕೊಂಡು ಕಾರಿಗೆ ಹೋದೆ. ಎಂಜಿನ್ ಆರಿಸಿ, ಫ್ಯಾನು ನಿಂತು, ಎಲ್ಲ ಆರುವ ತನಕ ಕಾದೆ. ಬ್ಲೇಡು ತಗೊಂಡು ವೈರಿನ ಹತ್ತಿರ ಬಾಗಿದಾಗ, ತಿರುಗಿಸಿದ ಬೆನ್ನಿನಿಂದಲೇ ಮಾತು ಬಂತು: ಮೊದಲು ಬ್ಯಾಟರಿಯ ಮೈನಸ್ ಬಿಚ್ಚು, ಇಲ್ಲದಿದ್ದರೆ ಫ್ಯಾನು ತಾನಾಗೇ ತಿರುಗಿ ಬೆರಳು ತೆಗೆಯುತ್ತೆ. ಬಿಚ್ಚಿದೆ. ಥ್ಯಾಂಕ್ಸ್ ಹೇಳಲಿಲ್ಲ. ಟೇಪು ಬಿಸಿಗೆ ಕರಗಿ ಅಂಟಾಗಿತ್ತು. ಕಿತ್ತಷ್ಟೂ ಬೆರಳಿಗೆ ಮೆತ್ತಿಕೊಂಡಿತು. ನನಗೆ ಅಳುವೇ ಬಂತು, ಅದೂ ಸಿಟ್ಟಿನಿಂದ.

ಆಗ ಅಮ್ಮ ಬಾಗಿಲಿಗೆ ಬಂದಳು. ಅಪ್ಪನ ಎದುರು ನಿಂತು ಬಲಗೈ ಚಾಚಿದಳು. ಬೆರಳುಗಳು ಮರದ ಬಾಚಣಿಗೆಯ ಹಾಗೆ ನೆಟ್ಟಗಿದ್ದವು.

“ಊರವರ ಫ್ಯಾನೆಲ್ಲ ಬಿಚ್ಚಿ ನೋಡ್ತೀರಿ. ಇದೊಂದನ್ನ ಬಿಚ್ಚಿ ನೋಡಿದ್ರೆ ನಾನೀಗ ಕತ್ತರಿ ಹಿಡೀತಿದ್ದೆನಲ್ರೀ.”

ದನಿ ಏರಿಸದೆ ಹೇಳಿದಳು. ಅಮ್ಮನಿಗೂ ಸಿಟ್ಟಿದೆ ಎಂದು ನನಗೆ ಗೊತ್ತಾಗಿದ್ದು ಆಗಲೇ. ಅದು ಅಪ್ಪನ ಕಿವಿಗೆ ಬಿತ್ತೋ ಎದೆಗೆ ಬಿತ್ತೋ, ಎದ್ದು ಬಂದ. ಪಕ್ಕಕ್ಕೆ ಸರಿ ಎಂದು ನನಗೆ ಸನ್ನೆ ಮಾಡಿದ. ನಾನು ಸರಿಯಲಿಲ್ಲ. ಅವನು ನನ್ನ ಪಕ್ಕದ ಸಂದಿಯಲ್ಲೇ ತೂರಿಕೊಂಡು, ಬೇಗ ಬೇಗ ಎರಡು ವೈರಿನ ತುದಿ ಸುಲಿದ. ನೀಲಿಯನ್ನು ಇತ್ತ ಕೊಟ್ಟ, ಕರಿಯದನ್ನು ಅತ್ತ. ನಾನು ಹೊಸೆದದ್ದನ್ನು ನೋಡಿ, ಇದೇನು ಜಡೆ ಹೆಣೀತಿದೀಯಾ ಎಂದು ಗದರಿದ. ಹೋದ ಸಲ ನೀನು ಹೆಣೆದದ್ದು ನೋಡಿದೀವಲ್ಲ ಎಂದೆ. ಅಪ್ಪ ಜಡೆ ಬಿಚ್ಚಿ ಬಿಗಿಯಾಗಿ ಸುತ್ತಿ, ಬೆಸುಗೆ ಹಾಕಿ, ಹೊಸ ಟೇಪು ಸುತ್ತಿದ. ಮೈನಸ್ ನಾನು ಬಿಗಿದೆ.

ಎಂಜಿನ್ ಚಾಲೂ ಆಯಿತು. ಮುಳ್ಳು ಏರುವ ತನಕ ಮೂವರೂ ಕಾದೆವು. ಫ್ಯಾನು ಹೊರಟಿತು. ಅಪ್ಪ ತಾನೇ ಹೋಗಿ ಗೇಟಿನ ಬಳಿ ಬಿದ್ದಿದ್ದ ಕಾಗದ ಎತ್ತಿ ತಂದು ಜಾಲರಿಗೆ ಹಿಡಿದು, ಕೈ ಬಿಟ್ಟ. ಕಾಗದ ಅಲ್ಲೇ ಕಚ್ಚಿಕೊಂಡು ನಿಂತಿತು.

ಅಷ್ಟಕ್ಕೆ ನಾನು ಬಿಡಲಿಲ್ಲ. ಮಾತು ಕೊಟ್ಟಿದ್ದು ಆಸ್ಪತ್ರೆ ಮುಟ್ಟಿಸ್ತೀನಿ ಅಂತ. ನಾನು ಸ್ಟೀರಿಂಗಿಗೆ ಕೂತು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅಪ್ಪ ಊಟವನ್ನೂ ಮಾಡದೆ ಹಿಂದೆ ಹತ್ತಿದ. ದೊಡ್ಡ ಸಿಗ್ನಲ್ಲಿನಲ್ಲಿ, ಬಸ್ಸುಗಳ ನಡುವೆ, ಕಾರು ಬಹಳ ಹೊತ್ತು ನಿಂತಿತು. ಮುಳ್ಳು ಮೇಲೆದ್ದಿತು. ಹಿಂದಿನಿಂದ ಅಪ್ಪನ ಕೈ ನಮ್ಮಿಬ್ಬರ ನಡುವೆ ತೂರಿ ಹೀಟರಿನ ಗುಂಡಿಯ ಕಡೆ ಹೊರಟಿತು. ಅಮ್ಮ ಎಡಗೈಯಲ್ಲಿ ಅದರ ಮೇಲೆ ಪಟ್ಟನೆ ಒಂದು ಕೊಟ್ಟಳು. ಕೈ ಹಿಂದೆ ಹೋಯಿತು. ಫ್ಯಾನು ಗುರ್ರೆಂದಿತು. ಮುಳ್ಳು ನಿಂತಿತು, ನಡುಗಿತು, ಇಳಿಯಿತು.

ಆಸ್ಪತ್ರೆಯ ಮೆಟ್ಟಿಲ ಬಳಿ ಇಳಿದಾಗ ಅಮ್ಮನ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡು, ತಡವಾಗಿಲ್ಲ ತಾನೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.