ನಿನ್ನಕ್ಕನ ದನಿ ಇನ್ನೂ ಸ್ವಲ್ಪ ಜಾಸ್ತಿ

ಹನ್ನೊಂದನೇ ಸಲ ಭಾವ ಹೆಡ್‌ಫೋನ್ ತೆಗೆದಿಟ್ಟು ಅದೇ ಮಾತು ಹೇಳಿದರು: "ನಿನ್ನಕ್ಕನ ದನಿ ಇನ್ನೂ ಸ್ವಲ್ಪ ಜಾಸ್ತಿ ಮಾಡು ಪುಟ್ಟಿ. ಕೇಳಿಸ್ತಾನೇ ಇಲ್ಲ."

ಪುಟ್ಟಿಗೆ ಮೈಯೆಲ್ಲ ಉರಿಯಿತು. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಬಂದವರನ್ನೆಲ್ಲ ಕೂರಿಸಿ 'ಈ ಗಾಜಿನಲ್ಲಿ ಚೆನ್ನಾಗಿ ಕಾಣುತ್ತಾ, ಆ ಗಾಜಿನಲ್ಲಾ' ಎಂದು ಕೇಳಿ ಕೇಳಿ ಅವಳ ಗಂಟಲು ಒಣಗಿರುತ್ತಿತ್ತು. ಸಿಗುವ ಒಂದು ಭಾನುವಾರವೂ ಭಾವನ ಪಾಲಾಗಿತ್ತು. ಅಕ್ಕ ಹಾಡಿದ, ಭಾವ ಗಿಟಾರ್ ನುಡಿಸಿದ ಆರು ಹಾಡುಗಳನ್ನು ಅಕ್ಕನ ಮನೆಯಲ್ಲೇ ರೆಕಾರ್ಡ್ ಮಾಡಿದ್ದರು. ಯಾವ ಸದ್ದು ಎಷ್ಟಿರಬೇಕೋ ಅಷ್ಟಿಟ್ಟು, ಹದವಾಗಿ ಮಿಕ್ಸ್ ಮಾಡಿಕೊಡುತ್ತೇನೆಂದು ಪುಟ್ಟಿ ಬಾಯಿತಪ್ಪಿ ಒಪ್ಪಿಕೊಂಡಿದ್ದಳು.

"ಇನ್ನು ಏರಿಸಿದ್ರೆ ದನಿ ಒಡೆದುಹೋಗುತ್ತೆ ಭಾವ. ಮೀಟರ್ ನೋಡಿ, ಕೆಂಪಗಾಗಿದೆ."

"ಹಾಗಾದ್ರೆ ಗಿಟಾರ್ ಇಳಿಸು. ನಂದೇನು, ಹಿಂದೆ ಟಿಂಗು ಟಿಂಗು ಅಂದ್ರೆ ಸಾಕು."

ಇಳಿಸಿ, ಸ್ಪೀಕರಿನಲ್ಲಿ ಹಾಕಿದಳು. 'ಸ' ಬಂದಲ್ಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾಯಿತು. ಅಡುಗೆಮನೆಯಿಂದ ಅಕ್ಕ ಕೂಗಿದಳು: "ಏನೇ ಅದು, ನಾನು ಹಾಡಿದ್ನಾ, ಕಿರುಚಿದ್ನಾ?"

"ನಿನ್ನ ಗಂಡನ್ನೇ ಕೇಳು!"

ಭಾವ ಮಾತ್ರ ತಲೆ ಅಲ್ಲಾಡಿಸಿದರು. "ಪರವಾಗಿಲ್ಲ. ಆದ್ರೂ ಮಾತು ಸ್ಪಷ್ಟ ಇಲ್ಲ."

ಇನ್ನು ಬಾಯಿಮಾತಿನಲ್ಲಿ ಮುಗಿಯುವುದಿಲ್ಲ ಎಂದು, ದೊಡ್ಡ ಸ್ಟುಡಿಯೋದಲ್ಲಿ ತಯಾರಾದ, ಭಾವನಿಗೆ ಪ್ರಾಣವಾಗಿದ್ದ ಹಳೆಯ ಹಾಡೊಂದನ್ನು ಹಾಕಿದಳು. "ಇದ್ರಲ್ಲಿ ದನಿ ಎಷ್ಟಿದೆಯೋ ನಮ್ದ್ರಲ್ಲೂ ಅಷ್ಟೇ ಇಡ್ತೀನಿ, ಆಯ್ತಾ?"

ಭಾವ ಮುಖ ಸಿಂಡರಿಸಿದರು. "ಇದ್ರಲ್ಲೂ ದನಿ ಕಮ್ಮಿ ಮಾಡಿಬಿಟ್ಟಿದಾರಲ್ಲ! ಮೊದ್ಲು ಹೀಗಿರ್ಲಿಲ್ಲ."

ಪುಟ್ಟಿಗೆ ಏನೋ ಹೊಳೆದು, ಅಕ್ಕ-ಭಾವನ ಹಾಡೊಂದರ ಕೊನೆಯ ಭಾಗ ಹಾಕಿದಳು. "ಇಲ್ಲಿ ಅಕ್ಕ ಗಂಟೆ ಬಾರಿಸಿದಾಳಲ್ಲ, ಅದು ಸರಿಯಾಗಿದೆಯಾ?"

"ಯಾವ ಗಂಟೆ?"

ಭಾವ ಇಪ್ಪತ್ತೆರಡು ವರ್ಷ ಮರ ಕೊಯ್ಯುವ ಯಂತ್ರದ ಪಕ್ಕ ನಿಂತ ಮನುಷ್ಯ. ಕಿವಿ ಮುಚ್ಚಿಕೊಂಡು ಕೆಲಸ ಮಾಡಿ ಎಂದರೆ, ಯಂತ್ರದ ಸದ್ದು ಕೇಳದೆ ಮರ ಕೊಯ್ಯುವುದು ಹೇಗೆ ಎಂದು ದಬಾಯಿಸುತ್ತಿದ್ದರು.

"ಭಾವ, ತಪ್ಪು ಮಿಕ್ಸಿಂಗಲ್ಲಿಲ್ಲ. ನೀವು ಒಂದ್ಸಲ ಕಿವಿ ತೋರಿಸ್ಬೇಕು."

"ನಂಗೆ ಕಿವುಡು ಅಂತೀಯಾ? ನಿಂಗೆ ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನು!" ಭಾವ ದಡಕ್ಕನೆ ಎದ್ದು ಜಗಲಿಗೆ ಹೋಗಿ, ಪತ್ರಿಕೆ ಹಿಡಿದು ಕೂತರು.

ಕೈ ಒರೆಸಿಕೊಳ್ಳುತ್ತ ಬಂದ ಅಕ್ಕ ಬಾಗಿಲಲ್ಲೇ ನಿಂತಳು. "ಒಂದು ಮಾತನ್ನ ಮೂರು ಸಲ ಹೇಳ್ತೀನಿ ಕಣೆ. ಬೇಕಂತ್ಲೇ ಕೇಳಿಸ್ಕೊಳ್ಳಲ್ಲ ಅಂದ್ಕೊಂಡು ಎಷ್ಟು ಜಗಳ ಆಡಿದೀನಿ ಗೊತ್ತಾ?" ಅವಳ ಕಣ್ಣು ತುಂಬಿತ್ತು.

ಆಮೇಲೆ ಅವಳು ಆ ಪುಟ್ಟ ಗಂಟೆಯನ್ನು ಹುಡುಕಿ ತಂದು, ಗಂಡನ ಬೆನ್ನ ಹಿಂದೆ ನಿಂತು ಬಾರಿಸಿದಳು. ಭಾವ ಪುಟ ತಿರುವಿದರು. ಇನ್ನೊಮ್ಮೆ ಬಾರಿಸಿದಳು. ಮುಂದೆ ಬಂದು ಬಾರಿಸಿದಾಗ ಮಾತ್ರ ಅವರು ತಲೆಯೆತ್ತಿ, ಅವಳ ಕೈ ಅಲ್ಲಾಡುವುದನ್ನೇ ನೋಡುತ್ತ ಕೂತರು. ಆಮೇಲೆ ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟರು.

"ನಾಳೆ ಡಾಕ್ಟರ ಹತ್ರ ಹೋಗೋಣ," ಎಂದರು ಭಾವ.

ಒಂದು ತಿಂಗಳ ಮೇಲೆ, ಎರಡೂ ಕಿವಿಗೆ ಪುಟ್ಟ ಯಂತ್ರ ಹಾಕಿಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕೂತರು. ಅಷ್ಟರಲ್ಲಿ ಪುಟ್ಟಿ ಅಕ್ಕನ ದನಿಯನ್ನು ಅದರ ಜಾಗಕ್ಕೆ ಇಳಿಸಿ, ಗಿಟಾರನ್ನು ಮೇಲೆತ್ತಿ, ಮೀಟರ್ ಕೆಂಪು ಮುಟ್ಟದಂತೆ ಎಲ್ಲವನ್ನೂ ಸರಿಮಾಡಿಟ್ಟಿದ್ದಳು. ಭಾವ ಕದಲದೆ ಆರೂ ಹಾಡು ಕೇಳಿದರು.

"ನಿನ್ನಕ್ಕ ಚೆನ್ನಾಗಿ ಹಾಡಿದಾಳೆ. ದನಿ ಸರಿಯಾಗಿದೆ, ಮುಟ್ಬೇಡ."

ಪುಟ್ಟಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಈ ಗಿಟಾರ್... ತೆಳು ತಂತಿ ಶ್ರುತಿ ತಪ್ಪಿದೆಯಲ್ಲೇ! ಆರರಲ್ಲೂ ಹೀಗೇನಾ?"

"ಆರರಲ್ಲೂ."

"ಅವತ್ತೇ ಹೇಳ್ಬಾರ್ದಾ?"

"ಹೇಳಿದ್ದೆ ಭಾವ. ನೀವು ಹೂಂ ಅಂದ್ರಿ."

ಭಾವ ಎದ್ದು ಹೋಗಿ ಗಿಟಾರ್ ತಂದರು. ಪುಟ್ಟಿ ಹಣೆ ಚಚ್ಚಿಕೊಂಡು ಮೈಕಿನ ವೈರು ಬಿಡಿಸತೊಡಗಿದಳು.