ಸೆರಗಿನಲ್ಲಿ ಕಟ್ಟಿಟ್ಟ ಕೈ

ಹೊನವಾಡದ ರುದ್ರವ್ವ ಹಂಗಾಮಿನ ತುಂಬ ತಲೆ ಮೇಲೆ ಕೈಯೆತ್ತಿ ದ್ರಾಕ್ಷಿ ಗೊನೆ ಕತ್ತರಿಸಿದವಳು. ಬಲ ಭುಜ ನೋಯತೊಡಗಿದಾಗ, ತಾನೇ ಹೋಗುತ್ತದೆ ಬಿಡು ಅಂದಳು. ಹೋಗಲಿಲ್ಲ. ಒಂದು ಮುಂಜಾನೆ ತುರುಬು ಕಟ್ಟಲು ಕೈ ಎತ್ತಿದರೆ ಕಿವಿಯ ತನಕವೂ ಏರಲಿಲ್ಲ. ಅವಳ ತಾಯಿಗೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದದ್ದೂ ಬಲಗೈಗೇ.

ಲಕ್ವಾದ ಅಂಜಿಕೆ ಯಾರಿಗೂ ಹೇಳಲಿಲ್ಲ. ಅಲುಗಾಡಿಸಿದರೆ ಉಳಿದ ನರವೂ ಹೋದೀತೆಂದು ಸೆರಗಿನಿಂದ ಕೈಯನ್ನು ಎದೆಗೆ ಬಿಗಿದು ಕಟ್ಟಿಕೊಂಡಳು. ಜಾಣತನ ನೋಡಿ! ಎಡಗೈಯಿಂದ ಬಡಿದ ರೊಟ್ಟಿ ಒಂದೂ ದುಂಡಗಾಗಲಿಲ್ಲ. ಕೈ ಉಳುಕಿದೆ ಅಂದದ್ದನ್ನು ನಂಬಿ ಗಂಡ ಸಂಗನಬಸವ ಅದನ್ನೇ ತಿಂದ. ಕಟ್ಟಿದ ಕೈ ಮಾತ್ರ ದಿನದಿನಕ್ಕೆ ಬಿಗಿಯಿತು.

ಕಡೆಗೆ ಅವಳು ಅತ್ತಾಗಲೇ ಗಂಡನಿಗೆ ನಿಜ ಗೊತ್ತಾದದ್ದು. ಅವನೂ ಅಂಜಿ ಅಂದ:

"ಕೈ ಜಗ್ಗಿ ಕೀಲು ಕೂಡಸಾವ ಒಬ್ಬ ಅದಾನಂತ. ನಡಿ, ಹೋಗೂಣು."

ಬಾಜು ಮನೆಯ ಸೌಭಾಗ್ಯ ಬಾಗಿಲಲ್ಲೇ ತಡೆದಳು. "ಬಿಗದ ಕೀಲು ಜಗ್ಗಿದ್ರ ಮುರದೀತ್ರಿ ಅಣ್ಣಾ. ನನ್ನ ಭುಜಾನೂ ಹಿಂಗ ಹಿಡದಿತ್ತು. ವಿಜಯಪುರಕ್ಕ ಹೋಗಿ ಡಾಕ್ಟರಿಗೆ ತೋರಸ್ರಿ."

"ಲಕ್ವಾ ಅಂದಬಿಟ್ರ?" ರುದ್ರವ್ವ ಕೇಳಿದಳು.

"ಮನ್ಯಾಗ ಕುಂತ್ರ ಲಕ್ವಾ ಬಿಡ್ತೈತೇನ ಅಕ್ಕಾ?"

ಗಂಡ ಹೆಂಡತಿ ವಿಜಯಪುರದ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರು ನಗಲು ಹೇಳಿ ಮುಖ ನೋಡಿದರು, ತಮ್ಮ ಬೆರಳು ಬಿಗಿಯಾಗಿ ಹಿಡಿಸಿ ನೋಡಿದರು, ರಕ್ತ ತಪಾಸಣೆ ಮಾಡಿಸಿದರು.

"ಲಕ್ವಾ ಅಲ್ರಿ. ಭುಜದ ಕೀಲು ಬಿಗದೈತಿ. ನಿಮಗ ಸಕ್ಕರಿ ಕಾಯಿಲೆ ಐತಿ, ಅಂಥವರಿಗೆ ಇದು ಜಾಸ್ತಿ. ಕಟ್ಟಿಟ್ಟು ಇನ್ನಷ್ಟು ಬಿಗಿ ಮಾಡ್ಕೊಂಡೀರಿ."

ಆದರೂ ಅಂಜಿಕೆ ಹೋಗಲಿಲ್ಲ. ವ್ಯಾಯಾಮದಿಂದ ಕೀಲು ಸಡಿಲಿಸುವ ಫಿಸಿಯೋಥೆರಪಿಯ ಗೀತಾಂಜಲಿ ಮೇಡಂ ಭುಜಕ್ಕೆ ಶಾಖ ಕೊಟ್ಟು, "ಎಡಗೈ ಟೇಬಲ್ ಮ್ಯಾಲಿಟ್ಟು ಬಗ್ಗರಿ. ಬಲಗೈ ಜೋತು ಬಿಡ್ರಿ," ಅಂದರು.

ರುದ್ರವ್ವ ಚೀರಿದಳು. "ಬ್ಯಾಡ್ರಿ! ನಮ್ಮವ್ವನ ಕೈ ಸಾಯೂತನಕ ಹಂಗ ಜೋತಿತ್ತು!"

"ನಾ ಮುಟ್ಟಂಗಿಲ್ಲ. ನೀವ ಬಿಡ್ರಿ, ನೀವ ತೂಗರಿ. ತಡೀಲಾರದಂಗ ನೋವಾದ್ರ ಅಲ್ಲೇ ನಿಲ್ಲಸ್ರಿ."

ರುದ್ರವ್ವ ಕಣ್ಣು ಮುಚ್ಚಿ ಕೈ ಸಡಿಲ ಬಿಟ್ಟಳು. ಕೈ ಜೋತಿತು. ಆಮೇಲೆ ಮೆಲ್ಲಗೆ ಹಿಂದೆ ಮುಂದೆ ಆಡಿತು.

"ಇದನ್ನ ನಾನ ಆಡಸಾಕತ್ತೇನೇನ್ರಿ?"

"ನೀವ."

ಲಕ್ವಾ ಅಲ್ಲವೆಂದು ಈಗ ನಂಬಿ ರುದ್ರವ್ವ ಅತ್ತಳು. ಸಂಗನಬಸವ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಈಗ ದಿನಾ ಗೋಡೆ ಮೇಲೆ ಬೆರಳು ಮೇಲಮೇಲಕ್ಕೆ ನಡೆಸಿ ಕೈ ಹತ್ತಿಸುತ್ತಾಳೆ. ಗಂಡ ಪಕ್ಕದಲ್ಲೇ ನಿಂತಿರುತ್ತಾನೆ. ಪೂರ್ತಿ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಕೈ ಏರುತ್ತಿದೆ.

ಅಕ್ಕಂದಿರೇ, ಅಣ್ಣಂದಿರೇ, ಭುಜ ಹಿಡಿದರೆ ಕಟ್ಟಿಡಬೇಡಿ, ಜಗ್ಗಿಸಬೇಡಿ. ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿ ಕಲಿಯಿರಿ. ಮುಖ ಸೊಟ್ಟಾದರೆ, ಕೈಕಾಲಿನ ಬಲ ಒಮ್ಮೆಲೆ ಹೋದರೆ, ಮಾತು ತೊದಲಿದರೆ, ಭುಜದ ಜೊತೆ ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಅಂಜಿ ಮುಚ್ಚಿಟ್ಟ ನೋವು ಯಾರಿಗೂ ವಾಸಿಯಾಗಿಲ್ಲ. ಇವತ್ತೇ ಮನೆಯಲ್ಲಿ ಬಾಯಿ ಬಿಟ್ಟು ಹೇಳಿ.